ಗುಂಡಿನೊಳಗೆ ಗುಂಡನ್ನು ಕೂಡಿಸುವುದು ಹೇಗೆ?

ಬೆಳಗಾವಿಯಲ್ಲಿ ಪಿಸ್ತೂಲಿನ ಗುರಿ ಸ್ಪರ್ಧೆಗೆ ಅಭ್ಯಾಸ ಮಾಡುವ ಗೆಳೆಯನಿಗಾಗಿ, ತೋಟಾಗಳನ್ನು ಕೈಯಿಂದ ತುಂಬುವ ಬಗೆಯನ್ನು ತಿಳಿಸುವ ಕೈಪಿಡಿಯೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಮೂರನೆಯ ಪುಟದಲ್ಲೇ ಸಿಕ್ಕಿಬಿದ್ದೆ.

ಹಿತ್ತಾಳೆಯ ಕೊಳವೆ, ಅದರ ಬುಡದಲ್ಲಿ ಕಿಡಿ ಹುಟ್ಟಿಸುವ ಪುಟ್ಟ ಬಿಲ್ಲೆ, ಒಳಗೆ ಮದ್ದು, ಬಾಯಲ್ಲಿ ಸೀಸದ ಗುಂಡು. ಇಷ್ಟು ಸೇರಿದರೆ ತೋಟಾ. ಆದರೆ ಪತ್ರಿಕೆಗಳ ‘ಐದು ಸಜೀವ ಗುಂಡುಗಳು ವಶ’ದಲ್ಲಿ ಗುಂಡೆಂದರೆ ಇಡೀ ತೋಟಾ; ‘ಎದೆಗೆ ಗುಂಡು ಹೊಕ್ಕಿತು’ ಎಂದಾಗ ಬರಿಯ ಸೀಸ. ಸುದ್ದಿ ಓದುವವರಿಗೆ ಇದು ತೊಡಕಲ್ಲ. ನಾನು ಮಾತ್ರ ‘ಗುಂಡಿನೊಳಗೆ ಗುಂಡನ್ನು ಕೂಡಿಸಿ’ ಎಂದು ಬರೆದು ಹೊಡೆದು ಹಾಕಿದೆ. (ನಾವು ಗಣಪತಿಯನ್ನೂ ಕೂಡಿಸುವವರು, ‘ಕೂರಿಸು’ ನನ್ನ ಕೈಗೆ ಬರುವುದಿಲ್ಲ.) ಇಲ್ಲಿನ ಹಿರಿಯರು ತೋಟಾಕ್ಕೆ ಮರಾಠಿಯ ‘ಕಾಡತೂಸು’ ಎನ್ನುತ್ತಾರೆ. ಅದು ಮೈಸೂರಿನವರಿಗೆ ತಿಳಿದೀತೇ?

ಬುಡದ ಬಿಲ್ಲೆಗೆ ಮಲೆನಾಡಿನ ಕೋವಿಯವರ ‘ಕೇಪು’ ಇದೆ. ನನ್ನ ಮನಸ್ಸು ‘ಟಿಕಳಿ’ಯ ಕಡೆಗಿದೆ: ಹಣೆಗೆ ಇಡುವಷ್ಟೇ ದುಂಡಗೆ, ಅಷ್ಟೇ ಚಿಕ್ಕದು. ಗೆಳೆಯ ನಕ್ಕ. ನಗಲಿ.

ನಿಜವಾದ ತಲೆನೋವು ‘ಗ್ರೇನ್’. ಮದ್ದನ್ನೂ ಗುಂಡನ್ನೂ ತೂಗುವುದು ಇದರಲ್ಲೇ. ಒಂದು ಗ್ರೇನ್ ಸುಮಾರು 64.8 ಮಿಲಿಗ್ರಾಂ. ಹೆಸರೇ ಕಾಳಿನದು, ನಮ್ಮಲ್ಲೂ ಕಾಳಿನ ತೂಕವಿದೆಯಲ್ಲ ಎಂದು ‘ಗುಂಜಿ’ ಎಂದು ಬರೆದು ಹಿಗ್ಗಿದ್ದೆ. ಶಹಾಪುರದ ಅಕ್ಕಸಾಲಿಗರೊಬ್ಬರು ಹಳೆಯ ತಕ್ಕಡಿಯ ಡಬ್ಬಿ ತೆರೆದು, ಕಪ್ಪು ಕಣ್ಣಿನ ಕೆಂಪು ಗುಲಗಂಜಿಯೊಂದನ್ನು ಈಗಿನ ಎಲೆಕ್ಟ್ರಾನಿಕ್ ಕಾಂಟಾದ ಮೇಲಿಟ್ಟರು: 0.12 ಗ್ರಾಂ. ಹೆಚ್ಚುಕಡಿಮೆ ಎರಡು ಗ್ರೇನ್! ಪಿಸ್ತೂಲಿನ ತೋಟಾಕ್ಕೆ ಬೀಳುವ ಮದ್ದೇ ಕೆಲವು ಗ್ರೇನ್. ನನ್ನ ಅನುವಾದ ನಂಬಿ ಅಳೆದವನ ಕೈಯಲ್ಲಿ ಪಿಸ್ತೂಲೇ ಸಿಡಿಯುತ್ತಿತ್ತು. ಗ್ರೇನ್ ಗ್ರೇನ್ ಆಗಿಯೇ ಉಳಿಯಿತು. ಇದಕ್ಕೆ ಅಚ್ಚಗನ್ನಡ ಸೂಚಿಸುವವರು ದಯವಿಟ್ಟು ಸುಮ್ಮನಿರಿ.

ಉಳಿದದ್ದು ‘ವಾಡ್‌ಕಟರ್’. ಮೂತಿ ಚಪ್ಪಟೆಯಾದ, ಉರುಳೆಯಂಥ ಗುಂಡು. ಚೂಪು ಗುಂಡು ಗುರಿಹಾಳೆಯನ್ನು ಹರಿಯುತ್ತದೆ. ಇದು ಹಳೆಯ ಬಸ್ ಕಂಡಕ್ಟರು ಟಿಕೆಟಿಗೆ ತೂತು ಹೊಡೆದಂತೆ ದುಂಡಗೆ ಕತ್ತರಿಸುವುದರಿಂದ ಅಂಕ ಎಣಿಸಲು ಜಗಳವಿಲ್ಲ. ‘ಮೊಂಡುಗುಂಡು’ ಎಂದರೆ ಹರಿತವಿಲ್ಲದ್ದು ಎಂದಾಗುತ್ತದೆ, ಇದರ ಅಂಚೋ ಬಲು ಹರಿತ. ‘ಚಪ್ಪಟೆಮೂತಿ’ ಆಕಾರ ಹೇಳುತ್ತದೆ, ಕೆಲಸ ಹೇಳುವುದಿಲ್ಲ. ಚರ್ಮ ಹೊಲಿಯುವವರಲ್ಲಿ, ಪಟ್ಟಿಗೆ ದುಂಡನೆಯ ತೂತು ಹೊಡೆಯುವ ಉಳಿಗೆ ನಿಮ್ಮೂರಿನಲ್ಲಿ ಏನೆನ್ನುತ್ತಾರೆ?