ಮಳೆಗಾಲದಲ್ಲಿ ಬ್ರಷ್ ಉಳಿಸಿಕೊಳ್ಳುವುದು ಹೇಗೆ? ಮಿನಿಯೇಚರ್ ಪೇಂಟಿಂಗ್ ಪ್ರಶ್ನೋತ್ತರ

ಗುಂಪಿನಲ್ಲಿ ಹೊಸದಾಗಿ ಬಣ್ಣ ಹಚ್ಚಲು ಶುರು ಮಾಡಿದವರು ಜಾಸ್ತಿ ಆಗಿದ್ದಾರೆ. ಹಾಗಾಗಿ ಬಂದ ಪ್ರಶ್ನೆಗಳಿಗೆಲ್ಲ ಇಲ್ಲೇ ಒಟ್ಟಿಗೆ ಉತ್ತರಿಸುತ್ತಿದ್ದೇನೆ. ನಾನು ಆರ್ಡರ್ ಮೇಲೆ ಮಿನಿಯೇಚರ್‌ಗಳಿಗೆ ಬಣ್ಣ ಹಚ್ಚಿಕೊಡುವವನು. ಬೋರ್ಡ್ ಗೇಮ್‌ಗಳಲ್ಲಿ ಬರುವ 28ರಿಂದ 32 ಮಿಲಿಮೀಟರ್ ಅಳತೆಯ ಪ್ಲಾಸ್ಟಿಕ್, ರೆಸಿನ್ ಗೊಂಬೆಗಳ ಬಗ್ಗೆ ಮಾತ್ರ ಇಲ್ಲಿ ಹೇಳುತ್ತೇನೆ. ಬಣ್ಣ ಅಂದರೆ ಅಕ್ರಿಲಿಕ್.

ಪ್ರಶ್ನೆ (ಮಡಿಕೇರಿ): ಹೊಸ ಬ್ರಷ್ ತಂದು ತಿಂಗಳಾಗಿಲ್ಲ, ತುದಿ ಎರಡಾಗಿ ಸೀಳಿದೆ. ಕೆಲಸ ಮುಗಿದ ಮೇಲೆ ದಿನಾ ತೊಳೆಯುತ್ತೇನೆ. ಬ್ರಷ್ಷೇ ಕಳಪೆ ಇರಬಹುದಾ?

ಉತ್ತರ: ಇರಬಹುದು. ಆದರೆ ಮೊದಲು ಒಂದು ಕಡೆ ನೋಡಿ. ಕೂದಲು ಲೋಹದ ಪಟ್ಟಿಯೊಳಗೆ ಹೋಗುತ್ತದಲ್ಲ, ಅದಕ್ಕೆ ಫೆರೂಲ್ ಅನ್ನುತ್ತಾರೆ. ಆ ಜಾಗವನ್ನು ಬೆಳಕಿಗೆ ಹಿಡಿದು, ಎರಡು ಉಗುರಿನ ನಡುವೆ ಮೆಲ್ಲಗೆ ಒತ್ತಿ. ಗಟ್ಟಿಯಾಗಿ, ಸ್ವಲ್ಪ ಗರಿಗರಿ ಅನ್ನಿಸಿದರೆ ಒಳಗೆ ಬಣ್ಣ ಒಣಗಿ ಕೂತಿದೆ ಅಂತ ಅರ್ಥ. ಬುಡದಲ್ಲಿ ಕೂತ ಬಣ್ಣ ಕೂದಲನ್ನು ಅಗಲಕ್ಕೆ ತಳ್ಳುತ್ತದೆ, ಅದರಿಂದ ತುದಿ ಸೀಳುತ್ತದೆ. ನಿಮಗೆ ಕಾಣುವ ತೊಂದರೆ ತುದಿಯಲ್ಲಿ, ಕಾರಣ ಇರುವುದು ಬುಡದಲ್ಲಿ.

ಕೆಲಸ ಮುಗಿದ ಮೇಲೆ ತೊಳೆಯುವುದು ಒಳ್ಳೆಯದೇ. ಆದರೆ ಅಷ್ಟು ಹೊತ್ತಿಗೆ ತಡವಾಗಿರುತ್ತದೆ. ತೆಳ್ಳಗಿನ ಅಕ್ರಿಲಿಕ್ ಕೆಲವೇ ನಿಮಿಷದಲ್ಲಿ ಒಣಗುತ್ತದೆ. ಒಣಗಿದ ಮೇಲೆ ನೀರಿಗೆ ಕರಗುವುದಿಲ್ಲ. ಆದ್ದರಿಂದ ಬಣ್ಣದಲ್ಲಿ ಅದ್ದುವಾಗ ಕೂದಲಿನ ಅರ್ಧದಷ್ಟು ಮಾತ್ರ ಅದ್ದಿ. ಅದೇ ಬಣ್ಣ ಹಚ್ಚುತ್ತಾ ಇದ್ದರೂ ಐದು ನಿಮಿಷಕ್ಕೊಮ್ಮೆ ನೀರಿನಲ್ಲಿ ಜಾಲಾಡಿಸಿ, ಟಿಶ್ಯೂ ಮೇಲೆ ಒರೆಸಿ, ಮತ್ತೆ ಬಣ್ಣ ತೆಗೆದುಕೊಳ್ಳಿ. ಕೆಲಸದ ನಡುವೆ ಫೋನ್ ಬಂತು ಅಂತ ಬ್ರಷ್ ಹಾಗೇ ಮೇಜಿನ ಮೇಲಿಟ್ಟು ಎದ್ದು ಹೋಗುತ್ತೀರಲ್ಲ, ಹೆಚ್ಚಿನ ಬ್ರಷ್‌ಗಳು ಹಾಳಾಗುವುದು ಆಗಲೇ. ಲೋಟದ ನೀರಿನಲ್ಲಿ ತುದಿ ಕೆಳಗೆ ಮಾಡಿ ನಿಲ್ಲಿಸಿ ಹೋದರೆ ಇನ್ನೂ ಕಷ್ಟ. ತುದಿ ಬಾಗುತ್ತದೆ, ಹಿಡಿಯ ಮರ ನೀರು ಕುಡಿದು ಉಬ್ಬುತ್ತದೆ, ಆಮೇಲೆ ಫೆರೂಲ್ ಸಡಿಲ ಆಗುತ್ತದೆ.

ಕೊನೆಗೆ ತೊಳೆಯುವಾಗ ತಣ್ಣೀರು ಇಲ್ಲವೇ ಉಗುರುಬೆಚ್ಚಗಿನ ನೀರು ಸಾಕು. ಬಿಸಿನೀರು ಫೆರೂಲ್ ಒಳಗಿನ ಅಂಟನ್ನು ಮೆದು ಮಾಡುತ್ತದೆ. ಬ್ರಷ್ ಸೋಪ್ ಇದ್ದರೆ ಸರಿ. ಇಲ್ಲದಿದ್ದರೆ ಮೈಗೆ ಹಚ್ಚುವ ಮೃದು ಸೋಪಿನ ಮೇಲೆ ಕೂದಲು ಹರಡದ ಹಾಗೆ ನಿಧಾನಕ್ಕೆ ಸುತ್ತಿಸಿ, ಅಂಗೈಯಲ್ಲಿ ನೊರೆ ಬರಿಸಿ. ನೊರೆಯಲ್ಲಿ ಬಣ್ಣ ಕಾಣುವಷ್ಟು ಕಾಲ ಮುಂದುವರಿಸಿ. ನೋಡಲು ಚೊಕ್ಕಟವಾಗಿದ್ದ ಬ್ರಷ್‌ನಿಂದ ಎಷ್ಟು ಕೊಳೆ ಬರುತ್ತದೆ ಅಂತ ನೋಡಿದರೆ ಆಶ್ಚರ್ಯ ಆಗುತ್ತದೆ. ಆಮೇಲೆ ಬೆರಳಿನಲ್ಲೇ ತುದಿ ಚೂಪು ಮಾಡಿ, ಅಡ್ಡ ಮಲಗಿಸಿ ಒಣಗಿಸಿ. ಒದ್ದೆ ಬ್ರಷ್ ನೆಟ್ಟಗೆ ನಿಲ್ಲಿಸಿದರೆ ನೀರು ಬುಡಕ್ಕೇ ಇಳಿಯುತ್ತದೆ.

ಅದೇ ಸದಸ್ಯರು: ಒತ್ತಿ ನೋಡಿದೆ, ಗಟ್ಟಿಯಾಗಿಯೇ ಇದೆ. ಇನ್ನು ಎಸೆಯಬೇಕಾ?

ಉತ್ತರ: ಎಸೆಯಬೇಡಿ. ಐಸೋಪ್ರೊಪೈಲ್ ಆಲ್ಕೋಹಾಲ್ ಅಥವಾ ಆಲ್ಕೋಹಾಲ್ ಇರುವ ಹ್ಯಾಂಡ್ ಸ್ಯಾನಿಟೈಸರ್ ಕೂದಲಿಗೆ ಹಚ್ಚಿ ಸ್ವಲ್ಪ ಹೊತ್ತು ಬಿಡಿ, ನಂತರ ಸೋಪಿನಲ್ಲಿ ತೊಳೆಯಿರಿ. ಒಂದೆರಡು ಸಲ ಮಾಡಬೇಕಾಗಬಹುದು. ಒಲೆ ಹತ್ತಿರ ಮಾಡಬೇಡಿ, ಬೆಂಕಿ ಹಿಡಿಯುವ ವಸ್ತು ಅದು. ಪ್ರಾಣಿ ಕೂದಲಿನ ಬ್ರಷ್ ಆದರೆ ಆಲ್ಕೋಹಾಲ್ ಕೂದಲನ್ನು ಒಣಗಿಸುತ್ತದೆ, ಆದ್ದರಿಂದ ಆಮೇಲೆ ತಲೆಗೆ ಹಚ್ಚುವ ಕಂಡೀಷನರ್ ಒಂದು ಚೂರು ಸವರಿ, ತೊಳೆದುಬಿಡಿ. ಇಷ್ಟಾದರೂ ತುದಿ ಕೂಡದಿದ್ದರೆ ಅದನ್ನು ಬಣ್ಣ ಕಲಸಲು, ಅಂಟು ಹಚ್ಚಲು ಇಟ್ಟುಕೊಳ್ಳಿ. ಒಳ್ಳೆ ಬ್ರಷ್‌ನಿಂದ ಬಣ್ಣ ಕಲಸುವುದನ್ನಂತೂ ನಾನು ಯಾರಿಗೂ ಬಿಡುವುದಿಲ್ಲ!

ಪ್ರಶ್ನೆ (ಸೋಮವಾರಪೇಟೆ): ಕಣ್ಣು ಬರೆಯಲು ಮೂರು ಸೊನ್ನೆಯ ಬ್ರಷ್ ಬೇಕೇ ಬೇಕಾ?

ಉತ್ತರ: ಬೇಡ. ಅಷ್ಟು ಸಣ್ಣ ಬ್ರಷ್ ಹಿಡಿಯುವ ಬಣ್ಣವೂ ಒಂದು ಚೂರೇ. ಗೊಂಬೆಯ ಮುಖ ಮುಟ್ಟುವ ಮೊದಲೇ ತುದಿಯಲ್ಲಿ ಒಣಗಿಬಿಡುತ್ತದೆ. ತುದಿ ಚೂಪಾಗಿರುವ 1 ಅಥವಾ 2ನೇ ನಂಬರ್ ದುಂಡು ಬ್ರಷ್ ತೆಗೆದುಕೊಳ್ಳಿ. ನಡುವಿನ ದಪ್ಪ ಭಾಗ ಬಣ್ಣ ಹಿಡಿದಿಟ್ಟುಕೊಳ್ಳುತ್ತದೆ, ತುದಿ ಗೆರೆ ಎಳೆಯುತ್ತದೆ. ಒಂದು ಕಂಪನಿಯ 1 ಇನ್ನೊಂದು ಕಂಪನಿಯ 0 ಆಗಿರಬಹುದು, ನಂಬರ್ ಮೇಲೆ ಪೂರ್ತಿ ನಂಬಿಕೆ ಬೇಡ. ಗೊಂಬೆಯನ್ನು ಹಳೆ ಬಾಟಲಿ ಮುಚ್ಚಳಕ್ಕೆ ಅಂಟಿಸಿ ಹಿಡಿಯಿರಿ, ಎರಡೂ ಮಣಿಕಟ್ಟು ಒಂದಕ್ಕೊಂದು ತಾಗಿರಲಿ. ಕೈ ನಡುಗುವುದು ಅರ್ಧ ಅಲ್ಲೇ ನಿಲ್ಲುತ್ತದೆ.

ಪ್ರಶ್ನೆ (ನಾಪೋಕ್ಲು): ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್ ಮಳೆಯಲ್ಲಿ) ನಮ್ಮಲ್ಲಿ ಬಟ್ಟೆಯೇ ಒಣಗುವುದಿಲ್ಲ, ಬ್ರಷ್ ಎಲ್ಲಿ ಒಣಗುತ್ತೆ! ಬೂಷ್ಟು ಹಿಡಿಯುತ್ತಿದೆ. ಒಲೆ ಪಕ್ಕ ಇಡಬಹುದಾ?

ಉತ್ತರ: ಒಲೆ ಪಕ್ಕ ಬೇಡ. ಒದ್ದೆ ಮರ ಒಮ್ಮೆಲೇ ಒಣಗಿದರೆ ಹಿಡಿಯ ಬಣ್ಣ ಸೀಳುತ್ತದೆ, ಫೆರೂಲ್ ಅಲ್ಲಾಡುತ್ತದೆ. ಜೊತೆಗೆ ಹೊಗೆಯ ಮಸಿ. ಫ್ಯಾನ್ ಗಾಳಿಯಲ್ಲಿ ರಾತ್ರಿಯಿಡೀ ಮಲಗಿಸಿ. ಹೊಸ ಬ್ರಷ್ ಜೊತೆ ಬರುವ ಪ್ಲಾಸ್ಟಿಕ್ ಕೊಳವೆಯನ್ನು ಒದ್ದೆ ಇರುವಾಗ ಹಾಕಲೇಬೇಡಿ, ಬೂಷ್ಟು ಬರುವುದು ಅದರೊಳಗೇ. ಪೂರ್ತಿ ಒಣಗಿದ ಮೇಲೆ ಮುಚ್ಚಳ ಬಿಗಿ ಇರುವ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಇಡಿ. ಚಪ್ಪಲಿ ಡಬ್ಬದಲ್ಲಿ ಬರುತ್ತವಲ್ಲ, ಅವೇ ಸಾಕು. ಪ್ರಾಣಿ ಕೂದಲಿನ ಬ್ರಷ್‌ಗೆ ಹುಳದ ಕಾಟವೂ ಇದೆ, ಬಿಗಿ ಡಬ್ಬಿ ಅದಕ್ಕೂ ಆಗುತ್ತದೆ.

ನಿಮ್ಮ ಕಡೆ ವೆಟ್ ಪ್ಯಾಲೆಟ್ (ಬಣ್ಣ ಒಣಗದ ಹಾಗೆ ಇಡುವ ಒದ್ದೆ ತಟ್ಟೆ) ಕೂಡ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅಷ್ಟೊಂದು ಬೇಕಾಗುವುದಿಲ್ಲ. ಆ ತೇವದಲ್ಲಿ ಬಿಳಿ ಟೈಲ್ಸ್ ತುಂಡಿನ ಮೇಲೂ ಬಣ್ಣ ಸಾಕಷ್ಟು ಹೊತ್ತು ಹಸಿಯಾಗಿರುತ್ತದೆ. ಕಾಫಿ ಹೂ ಬಿಡುವ ಮಾರ್ಚ್, ಏಪ್ರಿಲ್‌ನಲ್ಲಿ ಬಿಸಿಲಿಗೆ ಬಣ್ಣ ಬೇಗ ಒಣಗುತ್ತದೆ, ಆಗ ಡಬ್ಬಿಯಲ್ಲಿ ಒದ್ದೆ ಸ್ಪಂಜು, ಮೇಲೆ ಬೇಕಿಂಗ್ ಪೇಪರ್ ಹಾಕಿಕೊಳ್ಳಿ.

ಪ್ರಶ್ನೆ (ಗೋಣಿಕೊಪ್ಪ): ಸ್ಪ್ರೇ ಪ್ರೈಮರ್ (ಬಣ್ಣ ಹಿಡಿಯಲಿ ಅಂತ ಮೊದಲು ಹೊಡೆಯುವ ಕೋಟ್) ಹೊಡೆದರೆ ಮರಳಿನ ಹಾಗೆ ತರಿತರಿ ಆಯ್ತು.

ಉತ್ತರ: ಗಾಳಿಯ ತೇವ ಅದು. ಮಳೆ ಮುಗಿಯುವ ತನಕ ಬ್ರಷ್‌ನಿಂದ ಹಚ್ಚುವ ಪ್ರೈಮರ್ ಬಳಸಿ. ಕೊನೆಗೆ ಹೊಡೆಯುವ, ಹೊಳಪಿಲ್ಲದ ಮ್ಯಾಟ್ ವಾರ್ನಿಷ್ ಸ್ಪ್ರೇಗೂ ಇದೇ ಮಾತು. ಅದು ಬೆಳ್ಳಗೆ ಮಬ್ಬಾದರೆ ಹೊಳಪಿನ (ಗ್ಲಾಸಿ) ವಾರ್ನಿಷ್ ತೆಳ್ಳಗೆ ಸವರಿ ನೋಡಿ, ಎಷ್ಟೋ ಸಲ ಸರಿಹೋಗುತ್ತದೆ.

ಪ್ರಶ್ನೆ (ಪೊನ್ನಂಪೇಟೆ): ಒಂದು ಗೊಂಬೆಗೆ ಕುಪ್ಯ ಚೇಲೆ (ಕೊಡವರ ಕಪ್ಪು ನಿಲುವಂಗಿ, ಸೊಂಟಕ್ಕೆ ಬಿಗಿಯುವ ಕೆಂಪು ಪಟ್ಟಿ) ತೊಡಿಸುವ ಆಸೆ. ಕಪ್ಪು ಹಚ್ಚಿದರೆ ಬರೀ ಕಪ್ಪು ಮುದ್ದೆ ಕಾಣುತ್ತದೆ. ಕೆಂಪು ಅಂತೂ ಕೂರುವುದೇ ಇಲ್ಲ.

ಉತ್ತರ: ಈ ಪ್ರಶ್ನೆ ನೋಡಿ ಖುಷಿಯಾಯಿತು. ಇಷ್ಟು ಚಿಕ್ಕ ಗೊಂಬೆಗೆ ಅಪ್ಪಟ ಕಪ್ಪು ಹಚ್ಚಿದರೆ ಮಡಿಕೆಗಳೆಲ್ಲ ಮಾಯ. ಕುಪ್ಯಕ್ಕೆ ಮೊದಲು ನೀಲಿ ಬೆರೆಸಿದ ಗಾಢ ಬೂದು ಹಚ್ಚಿ. ಅಪ್ಪಟ ಕಪ್ಪನ್ನು ಮಡಿಕೆಯ ಆಳಕ್ಕೆ, ಕಂಕುಳ ಕೆಳಗೆ, ಚೇಲೆ ಬಿಗಿದ ಕಡೆ ಮಾತ್ರ ಇಳಿಸಿ. ಭುಜದ ಮೇಲೆ, ಅಂಚಿನ ಮೇಲೆ ಇನ್ನೂ ತಿಳಿ ಬೂದಿನ ಒಂದು ಸಣ್ಣ ಗೆರೆ. ನೋಡುವವರ ಕಣ್ಣಿಗೆ ಅದು ಕಪ್ಪು ಬಟ್ಟೆಯೇ.

ಕೆಂಪು ಬಣ್ಣ ಹೆಚ್ಚಾಗಿ ಪಾರದರ್ಶಕ, ಕಪ್ಪಿನ ಮೇಲೆ ನೇರವಾಗಿ ಕೂರುವುದಿಲ್ಲ. ಚೇಲೆ ಬರುವ ಜಾಗಕ್ಕೆ ಮೊದಲು ಇಟ್ಟಿಗೆ ಕಂದು ಇಲ್ಲವೇ ಗುಲಾಬಿ ಹಚ್ಚಿ ಒಣಗಿಸಿ, ಅದರ ಮೇಲೆ ಕೆಂಪು. ಬಣ್ಣ ಹಾಲಿನ ಹದಕ್ಕೆ ತೆಳ್ಳಗಿರಲಿ. ಒಂದು ದಪ್ಪ ಕೋಟ್ ಬದಲು ತೆಳ್ಳಗೆ ಎರಡು ಮೂರು. ಹಚ್ಚುವ ಮುಂಚೆ ಪ್ರತಿ ಸಲ ಟಿಶ್ಯೂಗೆ ತಾಗಿಸಿ ಹೆಚ್ಚಿನ ನೀರು ತೆಗೆಯಿರಿ. ಇಲ್ಲದಿದ್ದರೆ ಬಣ್ಣ ಮಡಿಕೆಯಲ್ಲಿ ಹೋಗಿ ನಿಲ್ಲುತ್ತದೆ.

ಜರಿ ಅಂಚು, ಸೊಂಟದ ಕಿರುಗತ್ತಿಯಾದ ಪೀಚೆಕತ್ತಿಯ ಬೆಳ್ಳಿ ಕೊನೆಗೆ. ಕತ್ತಿಯ ಸರಪಳಿಯ ಕೊಂಡಿ ಒಂದೊಂದಾಗಿ ಬರೆಯಲು ಹೋಗಬೇಡಿ. ಗಾಢ ಗೆರೆ ಒಂದು ಎಳೆದು, ಅದರ ಮೇಲೆ ಸಾಲಾಗಿ ಬೆಳ್ಳಿ ಚುಕ್ಕೆ ಇಟ್ಟರೆ ಸರಪಳಿ ಆಯ್ತು. ಮೆಟಾಲಿಕ್ ಬಣ್ಣಕ್ಕೆ ನೀರಿನ ಲೋಟ ಬೇರೆಯೇ ಇರಲಿ. ಅದರ ಹೊಳಪಿನ ಕಣಗಳು ನೀರಿನಲ್ಲಿ ಉಳಿದು, ಕುಪ್ಯದ ಮೇಲೆಲ್ಲ ಮಿನುಗುತ್ತವೆ. ಕರೆಂಟ್ ಹೋದಾಗ ಎಮರ್ಜೆನ್ಸಿ ಲೈಟಿನಲ್ಲಿ ಕೆಂಪಿನ ಛಾಯೆ ಆರಿಸಬೇಡಿ, ಬೆಳಗ್ಗೆ ನೋಡಿದರೆ ಬೇರೆಯೇ ಕಾಣುತ್ತದೆ. ಮುಗಿದ ಮೇಲೆ ಫೋಟೋ ಇಲ್ಲಿ ಹಾಕಿ.

ಪ್ರಶ್ನೆ (ಕುಶಾಲನಗರ): ಡ್ರೈ ಬ್ರಷಿಂಗ್‌ಗೆ ಯಾವ ಬ್ರಷ್? ಮತ್ತೆ ಒಬ್ಬರು ಮುಂಗುಸಿ ಕೂದಲಿನದು ಕಡಿಮೆ ಬೆಲೆಗೆ ಕೊಡುತ್ತೇನೆ ಅಂತಿದ್ದಾರೆ.

ಉತ್ತರ: ಡ್ರೈ ಬ್ರಷಿಂಗ್ ಅಂದರೆ ಬಣ್ಣವನ್ನು ಬಹುಪಾಲು ಒರೆಸಿದ ಬ್ರಷ್ಷನ್ನು ಗೊಂಬೆಯ ಉಬ್ಬುಗಳ ಮೇಲೆ ಉಜ್ಜುವುದು. ಅದು ಯಾವ ಒಳ್ಳೆ ಬ್ರಷ್ಷನ್ನೂ ಕೊಲ್ಲುತ್ತದೆ. ಫ್ಯಾನ್ಸಿ ಸ್ಟೋರಿನ ಮೇಕಪ್ ಬ್ರಷ್ ಅದಕ್ಕೆ ಹೇಳಿ ಮಾಡಿಸಿದ್ದು.

ಮುಂಗುಸಿಯದ್ದು ಮುಟ್ಟಬೇಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಮುಂಗುಸಿಗೆ ರಕ್ಷಣೆ ಇದೆ, ಅದರ ಕೂದಲಿನ ವ್ಯಾಪಾರ ಅಪರಾಧ. ದುಬಾರಿ ಕೊಲಿನ್‌ಸ್ಕಿ ಬೇರೆ, ಅದು ಸೈಬೀರಿಯಾದ ವೀಸಲ್ ಎಂಬ ಪ್ರಾಣಿಯ ಕೂದಲು. ವಿನ್ಸರ್ ಅಂಡ್ ನ್ಯೂಟನ್ ಕಂಪನಿ 1866ರಲ್ಲಿ ವಿಕ್ಟೋರಿಯಾ ರಾಣಿಗಾಗಿ ಮಾಡಿದ ಸೀರೀಸ್ 7 ಬ್ರಷ್ ಆ ಜಾತಿಯದ್ದು. ಅದೂ ಈಗಲೇ ಬೇಡ. ತೊಳೆಯುವ ಅಭ್ಯಾಸ ಆಗುವ ತನಕ ಸಿಂಥೆಟಿಕ್ ಸಾಕು. ಸಿಂಥೆಟಿಕ್ ತುದಿ ಕೊಕ್ಕೆಯಾಗಿ ಬಾಗಿದರೆ, ಇದೊಂದಕ್ಕೆ ಮಾತ್ರ, ಕೂದಲಿನ ತುದಿಯನ್ನು ಬಿಸಿನೀರಿಗೆ ಕೆಲವು ಸೆಕೆಂಡ್ ಅದ್ದಿ ಬೆರಳಲ್ಲಿ ನೇರ ಮಾಡಿ. ಮತ್ತೆ ಬಾಗುತ್ತದೆ, ಆದರೆ ಒಂದಷ್ಟು ದಿನ ಕೆಲಸ ನಡೆಯುತ್ತದೆ.

ಪ್ರಶ್ನೆ (ವಿರಾಜಪೇಟೆ): ವಿಡಿಯೋಗಳಲ್ಲಿ ಬ್ರಷ್ ತುದಿಯನ್ನು ನಾಲಿಗೆಗೆ ತಾಗಿಸಿ ಚೂಪು ಮಾಡುತ್ತಾರೆ. ಪರವಾಗಿಲ್ವಾ?

ಉತ್ತರ: ಬೇಡ. ಕಲಾವಿದರ ಕೆಲವು ಬಣ್ಣಗಳಲ್ಲಿ ಕ್ಯಾಡ್ಮಿಯಂ, ಕೋಬಾಲ್ಟ್ ಇರುತ್ತದೆ. ತುದಿಯನ್ನು ಒದ್ದೆ ಟಿಶ್ಯೂ ಮೇಲೆ ನಿಮ್ಮ ಕಡೆಗೆ ಎಳೆಯುತ್ತಾ ಹಿಡಿಯನ್ನು ಬೆರಳಲ್ಲಿ ತಿರುಗಿಸಿ, ಅಷ್ಟೇ ಚೂಪಾಗುತ್ತದೆ.