ಸಹಾಯ ಬೇಕು: ರೂಟ್ ಬಿಯರ್‌ಗೆ ಅಂಕ ಕೊಡುವುದು ಹೇಗೆ?

ಅಮೆರಿಕದಲ್ಲಿರುವ, ನಾಲಿಗೆ ಚುರುಕಾಗಿರುವ ಕನ್ನಡಿಗರು ದಯವಿಟ್ಟು ದಾರಿ ತೋರಿಸಿ. ಸ್ನೇಹಿತರ ಕೂಟದಲ್ಲಿ ಎ ಅಂಡ್ ಡಬ್ಲ್ಯೂ, ಬಾರ್ಕ್ಸ್, ಮಗ್, ಐಬಿಸಿ ರೂಟ್ ಬಿಯರ್‌ಗಳ ರುಚಿ ನೋಡಿ ಅಂಕ ಕೊಡುತ್ತಿದ್ದೇವೆ. ಹೆಸರಿಗಷ್ಟೇ ಬಿಯರ್, ಇವು ಸೋಡಾದಂಥ ಸಿಹಿ ಪಾನೀಯಗಳು, ಇವುಗಳಲ್ಲಿ ಮದ್ಯವಿಲ್ಲ. ಗುಂಪಿನ ಹಿರಿಯರು ಗಾಬರಿಯಾಗಬೇಕಿಲ್ಲ. ಹೆಸರು ಕಾಣದಂತೆ ಲೋಟಗಳಿಗೆ ಸುರಿದೆವು, ಎಲ್ಲವನ್ನೂ ಒಂದೇ ಹದಕ್ಕೆ ತಣ್ಣಗಾಗಿಸಿದೆವು, ನಡುನಡುವೆ ಸಪ್ಪೆ ಬಿಸ್ಕತ್ತು ತಿಂದು ನೀರು ಕುಡಿದೆವು. ಆದರೂ ಪಟ್ಟಿ ಪ್ರತಿ ಬಾರಿ ತಲೆಕೆಳಗಾಗುತ್ತಿದೆ.

ತೊಡಕೆಲ್ಲ ವಿಂಟರ್‌ಗ್ರೀನ್ ಎಂಬ ಘಮಘಮಿಸುವ ಎಲೆಯ ಗಿಡದ್ದು. ರೂಟ್ ಬಿಯರ್‌ಗೆ ಹಿಂದೆ ರುಚಿ ಕೊಡುತ್ತಿದ್ದುದು ಸಸಾಫ್ರಾಸ್ ಮರದ ಬೇರು; ಅದರಲ್ಲಿರುವ ಸಫ್ರೋಲ್ ಎಂಬ ಅಂಶವನ್ನು 1960ರಲ್ಲಿ ಅಮೆರಿಕ ಆಹಾರದಲ್ಲಿ ನಿಷೇಧಿಸಿದ ಮೇಲೆ ಆ ಬೇರಿನ ಸಾರವನ್ನು ಹಾಗೆಯೇ ಬಳಸುವಂತಿಲ್ಲ. ವಿಂಟರ್‌ಗ್ರೀನ್, ವೆನಿಲ್ಲಾ ಮೊದಲಾದ ಪರಿಮಳಗಳೇ ಗತಿ. ವಿಂಟರ್‌ಗ್ರೀನ್ ಎಣ್ಣೆಯ ಮೀಥೈಲ್ ಸ್ಯಾಲಿಸಿಲೇಟ್ ನಮ್ಮ ನೋವಿನ ಮುಲಾಮುಗಳಲ್ಲೂ ಇರುತ್ತದೆ. ಹಾಗಾಗಿ ನೊರೆ ಮೂಗಿಗೆ ತಾಗಿದ ಕೂಡಲೇ ನಮ್ಮವರು ಮುಖ ಸಿಂಡರಿಸಿ, "ಇದು ಅಜ್ಜಿಯ ಮಂಡಿಗೆ ಹಚ್ಚುವುದು" ಎಂದು ಎರಡು ಅಂಕ ಬರೆದು ಕೈತೊಳೆದುಕೊಳ್ಳುತ್ತಾರೆ. ಇಲ್ಲೇ ಹುಟ್ಟಿದ ಮಕ್ಕಳು ಅದೇ ಲೋಟಕ್ಕೆ ಒಂಬತ್ತು ಕೊಡುತ್ತಾರೆ! ಅದರ ಬೆನ್ನಿಗೇ ವೆನಿಲ್ಲಾ ಹೆಚ್ಚಿರುವುದನ್ನು ಕುಡಿದರೆ ಬರೀ ಸಕ್ಕರೆ ನೀರು ಎನಿಸುತ್ತದೆ. ಅದನ್ನೇ ಮೊದಲು ಕುಡಿದವರಿಗೆ ಅದೇ ಅಮೃತ.

ಅನುಭವ ಇರುವವರು ಇಷ್ಟು ಹೇಳಿ: ವಿಂಟರ್‌ಗ್ರೀನ್ ಮುಂದಾಗಿರುವವಕ್ಕೂ ವೆನಿಲ್ಲಾ ಮುಂದಾಗಿರುವವಕ್ಕೂ ಬೇರೆ ಬೇರೆ ಪಟ್ಟಿಯಲ್ಲಿ ಅಂಕ ಕೊಡಬೇಕೆ, ಅಥವಾ ಒಂದೇ ಪಟ್ಟಿಯಲ್ಲಿಟ್ಟು ಒಬ್ಬೊಬ್ಬರಿಗೂ ಕುಡಿಯುವ ಕ್ರಮ ಬದಲಿಸಿ ಸರಾಸರಿ ತೆಗೆದರೆ ಸಾಕೆ?