ಎಸ್‌ಎಟಿ ಅಂಕ ಕಳುಹಿಸಬೇಕೇ, ಬೇಡವೇ? ಪ್ರವೇಶ ಸಲಹೆಗಾರ್ತಿಯೊಂದಿಗೆ ಗುಂಪು ಪ್ರಶ್ನೋತ್ತರ

ಒಬ್ಬ ತಂದೆ: ಮೇಡಂ, ಅಮೆರಿಕದ ಕಾಲೇಜು ಪ್ರವೇಶಕ್ಕೆ ಬರೆಯುವ ಎಸ್‌ಎಟಿ ಪರೀಕ್ಷೆಯಲ್ಲಿ ಮಗನಿಗೆ 1600ಕ್ಕೆ 1540 ಬಂದಿದೆ. ಮತ್ತೊಮ್ಮೆ ಬರೆಸಬೇಕೇ?

ಸಲಹೆಗಾರ್ತಿ: ಬೇಡ. ಆ ಸಮಯವನ್ನು ಅರ್ಜಿಯ ಜೊತೆ ಕಳುಹಿಸುವ ಪ್ರಬಂಧಕ್ಕೆ ಕೊಡಲಿ.

ಒಬ್ಬ ಶಿಕ್ಷಕಿ: ನಮ್ಮದು ಅಮೆರಿಕದ ಹಳ್ಳಿಗಾಡಿನ ಸರ್ಕಾರಿ ಪ್ರೌಢಶಾಲೆ, ಇಲ್ಲಿನ ಸರಾಸರಿ 1000ದ ಆಸುಪಾಸು. ಮನೆಯಲ್ಲೇ ಮೊದಲ ಬಾರಿಗೆ ಕಾಲೇಜು ಮೆಟ್ಟಿಲು ಹತ್ತಲಿರುವ ವಿದ್ಯಾರ್ಥಿನಿಯೊಬ್ಬಳಿಗೆ 1420 ಬಂದಿದೆ. ಅವಳು ಬಯಸುವ ಕಾಲೇಜಿನಲ್ಲಿ ಅಂಕ ಕಡ್ಡಾಯವಲ್ಲ, ಆದರೆ ಅಲ್ಲಿ ಪ್ರಕಟಿಸಿರುವ ಅಂಕಗಳ ವ್ಯಾಪ್ತಿ 1480ರಿಂದ 1550. ಕಳುಹಿಸಬೇಡ ಎಂದೇ ಎಲ್ಲರೂ ಹೇಳುತ್ತಿದ್ದಾರೆ.

ಸಲಹೆಗಾರ್ತಿ: ಇದೇ ಸಲಹೆ ನನ್ನನ್ನು ಹೆಚ್ಚು ಚಿಂತೆಗೀಡುಮಾಡುವುದು. ಆ ವ್ಯಾಪ್ತಿ ಅಂಕ ಕಳುಹಿಸಿ ಸೇರಿದವರದು ಮಾತ್ರ. ಕಡಿಮೆ ಬಂದವರು ಕಳುಹಿಸದೇ ಇರುವುದರಿಂದ ಅದು ತಾನಾಗಿಯೇ ಮೇಲೇರಿರುತ್ತದೆ. ಅರ್ಜಿ ಓದುವವರ ಮುಂದೆ ಶಾಲೆಯ ಪರಿಚಯಪತ್ರವೂ ಇರುತ್ತದೆ; ಅಲ್ಲಿ ಯಾವ ಉನ್ನತ ಪಾಠಗಳಿವೆ, ಉಳಿದ ಮಕ್ಕಳು ಎಷ್ಟು ಗಳಿಸುತ್ತಾರೆ ಎಂಬುದನ್ನು ನೋಡಿಯೇ ಅವರು 1420ನ್ನು ತೂಗುತ್ತಾರೆ. ಅಂಕವಿಲ್ಲದಿದ್ದರೆ, ಅವರಿಗೆ ಪರಿಚಯವೇ ಇಲ್ಲದ ಶಾಲೆಯ ‘ಎ’ ಶ್ರೇಣಿಯನ್ನಷ್ಟೇ ನಂಬಬೇಕಾಗುತ್ತದೆ. ಡಾರ್ಟ್‌ಮತ್ ಕಾಲೇಜು 2024ರ ಫೆಬ್ರವರಿಯಲ್ಲಿ ಪರೀಕ್ಷೆಯನ್ನು ಮತ್ತೆ ಕಡ್ಡಾಯಗೊಳಿಸಿದ್ದಕ್ಕೆ ಇದೂ ಒಂದು ಕಾರಣ: ಅನುಕೂಲವಿಲ್ಲದ ಮನೆಗಳ ಮಕ್ಕಳು ತಮಗೆ ನೆರವಾಗಬಹುದಾಗಿದ್ದ, 1400ರ ಮಟ್ಟದ ಅಂಕಗಳನ್ನೂ ಮುಚ್ಚಿಡುತ್ತಿದ್ದರೆಂದು ಅಲ್ಲಿನ ಪ್ರಾಧ್ಯಾಪಕರ ಅಧ್ಯಯನ ಕಂಡುಕೊಂಡಿತ್ತು. ಪ್ರವೇಶದ ಭರವಸೆ ಕೊಡಲಾರೆ, ಆದರೆ ಅಂಕವನ್ನು ಕಳುಹಿಸಿ. ಅವಳು ಎಂಜಿನಿಯರಿಂಗ್ ಬಯಸುವುದಾದರೆ ಗಣಿತ ವಿಭಾಗದ ಅಂಕವನ್ನು ನನಗೆ ತಿಳಿಸಿ.

ಒಬ್ಬ ತಾಯಿ: ಮಗಳಿಗೆ 1530. ಮತ್ತೆ ಬರೆಯಲೇ?

ಸಲಹೆಗಾರ್ತಿ: ಮೇಲೆ ಉತ್ತರಿಸಿದ್ದೇನೆ.

ಮತ್ತೊಬ್ಬ ಸದಸ್ಯ: ನನಗೆ ಬಂದ ಸಂದೇಶ: “ಮೂರು ಸಲಕ್ಕಿಂತ ಹೆಚ್ಚು ಬರೆದರೆ ಅರ್ಜಿ ತಾನಾಗಿಯೇ ತಿರಸ್ಕೃತ. ಈಗ ಎಂಐಟಿಯೂ ಅಂಕ ಕೇಳುವುದಿಲ್ಲ.”

ಸಲಹೆಗಾರ್ತಿ: ಎರಡೂ ಸುಳ್ಳು. ಹಲವು ಕಾಲೇಜುಗಳು ಬೇರೆ ಬೇರೆ ದಿನಗಳ ಉತ್ತಮ ವಿಭಾಗಾಂಕಗಳನ್ನೇ ಕೂಡಿಸಿ ನೋಡುತ್ತವೆ. ಅಮೆರಿಕದ ಹೆಸರಾಂತ ತಾಂತ್ರಿಕ ವಿಶ್ವವಿದ್ಯಾಲಯ ಎಂಐಟಿ 2022ರಲ್ಲೇ ಪರೀಕ್ಷೆಯನ್ನು ಮರಳಿ ಕಡ್ಡಾಯಗೊಳಿಸಿತು. ಹಾರ್ವರ್ಡ್, ಬ್ರೌನ್, ಕ್ಯಾಲ್‌ಟೆಕ್ 2024ರಲ್ಲಿ ಅದೇ ದಾರಿ ಹಿಡಿದವು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯವಾದರೋ ಕಳುಹಿಸಿದ ಅಂಕವನ್ನೂ ಆಯ್ಕೆಗೆ ಪರಿಗಣಿಸುವುದಿಲ್ಲ. ಇಂತಹ ಸಂದೇಶವನ್ನು ನಂಬಿ ಮಗುವೊಂದು ಕೊನೆಯ ಪರೀಕ್ಷಾ ದಿನಾಂಕವನ್ನೇ ತಪ್ಪಿಸಿಕೊಂಡರೆ, ಹಂಚಿದವರು ಹೊಣೆ ಹೊರುತ್ತೀರಾ?

ಒಬ್ಬ ಸದಸ್ಯೆ: ಏನೇ ಹೇಳಿ, ಈ ಪರೀಕ್ಷೆ ಅಳೆಯುವುದು ಹಣವನ್ನು. ತರಬೇತಿ ಕೊಂಡವರಿಗೆ ಅಂಕ.

ಮೊದಲ ತಂದೆ: ಪ್ರಬಂಧವನ್ನು ಹಣ ಕೊಟ್ಟು ತಿದ್ದಿಸುವುದಿಲ್ಲವೇ? ಅರ್ಥಶಾಸ್ತ್ರಜ್ಞ ರಾಜ್ ಚೆಟ್ಟಿ ಮತ್ತು ಸಂಗಡಿಗರ 2023ರ ಅಧ್ಯಯನ ನೋಡಿ: ಸಮಾನ ಅಂಕವಿದ್ದರೂ, ಅತಿ ಶ್ರೀಮಂತ ಶೇಕಡಾ 1ರ ಮನೆಗಳ ಮಕ್ಕಳು ಐವಿ ಲೀಗ್ (ಅಮೆರಿಕದ ಎಂಟು ಹೆಸರಾಂತ ಖಾಸಗಿ ವಿಶ್ವವಿದ್ಯಾಲಯಗಳ ಗುಂಪು) ಮತ್ತು ಅಂಥದೇ ಕೆಲವು ಕಾಲೇಜುಗಳನ್ನು ಸೇರುವ ಸಾಧ್ಯತೆ ಮಧ್ಯಮ ವರ್ಗದವರಿಗಿಂತ ಎರಡು ಪಟ್ಟಿಗೂ ಹೆಚ್ಚು. ಹಳೆಯ ವಿದ್ಯಾರ್ಥಿಗಳ ಮಕ್ಕಳೆಂಬ ಆದ್ಯತೆ, ಕ್ರೀಡಾ ನೇಮಕಾತಿ, ಪಠ್ಯೇತರ ಅರ್ಹತೆ, ಇವೇ ಮುಖ್ಯ ಕಾರಣ.

ಇನ್ನೊಬ್ಬ ತಾಯಿ: ನಡುವೆ ಕೇಳುತ್ತಿರುವುದಕ್ಕೆ ಕ್ಷಮಿಸಿ, ಎಸ್‌ಎಟಿಯಂಥದೇ ಇನ್ನೊಂದು ಪರೀಕ್ಷೆಯಾದ ಎಸಿಟಿಯಲ್ಲಿ ವಿಜ್ಞಾನ ವಿಭಾಗವನ್ನು ಬಿಡಬಹುದೇ?

ಸದಸ್ಯೆ: 1540 ಬಂದ ಮನೆಯವರಿಗೆ ಪರೀಕ್ಷೆ ನ್ಯಾಯವಾಗಿಯೇ ಕಾಣುತ್ತದೆ.

ಮೊದಲ ತಂದೆ: ಇದು ವಾದವಲ್ಲ, ಚುಚ್ಚುಮಾತು.

ಸಲಹೆಗಾರ್ತಿ: ನಿಮ್ಮಿಬ್ಬರ ಜಗಳಕ್ಕೆ ಬೇರೆ ಜಾಗ ನೋಡಿಕೊಳ್ಳಿ. ಇಂದು ಇನ್ನು ಉತ್ತರಿಸುವುದಿಲ್ಲ.